ಜಿಪ್ಸಂ ಗೋಡೆಯೊಳಗಿನ ನೀರು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಯ ಗೋಡೆ ಎಂದರೆ ಮರದ ಚೌಕಟ್ಟಿಗೆ ಬಡಿದ ಬೆರಳು ದಪ್ಪದ ಹಲಗೆ, ಅಷ್ಟೇ. ಅದು ಒಂದು ಗಂಟೆ ಬೆಂಕಿ ತಡೆಯುತ್ತದಂತೆ. ನಂಬಬಹುದೇ?

ಉತ್ತರ: ನಂಬಬಹುದು. ಆ ಹಲಗೆ ಜಿಪ್ಸಂನದು, ನಮ್ಮಲ್ಲಿ ಫಾಲ್ಸ್ ಸೀಲಿಂಗ್‌ಗೆ ಹಾಕುವ ಜಾತಿಯದೇ. ಮುಟ್ಟಿದರೆ ಒಣಗಿದಂತಿದ್ದರೂ ಜಿಪ್ಸಂ ಹರಳಿನ ತೂಕದಲ್ಲಿ ಸುಮಾರು ಶೇ. 21ರಷ್ಟು ನೀರು ರಾಸಾಯನಿಕವಾಗಿ ಸೆರೆಯಾಗಿರುತ್ತದೆ. ಬೆಂಕಿ ತಗುಲಿದಾಗ ಶಾಖದ ಬಹುಪಾಲು ಮೊದಲು ಈ ನೀರನ್ನು ಬಿಡಿಸಿ ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅದು ಮುಗಿಯುವ ತನಕ ಹಲಗೆಯ ಹಿಂಬದಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಮರ ಹೊತ್ತಿಕೊಳ್ಳಲು ಅಷ್ಟು ಬಿಸಿ ಸಾಲದು. ನೀರೆಲ್ಲ ಹೋದ ಮೇಲೆ ಜಿಪ್ಸಂ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೇ ‘ಟೈಪ್ ಎಕ್ಸ್’ ಎಂಬ ಬಗೆಯಲ್ಲಿ ಗಾಜಿನ ಎಳೆಗಳನ್ನು ಬೆರೆಸಿರುತ್ತಾರೆ. 16 ಮಿ.ಮೀ. ದಪ್ಪದ ಇಂಥ ಹಲಗೆಯನ್ನು ಚೌಕಟ್ಟಿನ ಎರಡೂ ಬದಿಗೆ ಸರಿಯಾಗಿ ಕೂರಿಸಿದರೆ ಒಂದು ಗಂಟೆಯ ದರ್ಜೆ ಸಿಗುತ್ತದೆ. ಅದು ಪರೀಕ್ಷೆಯ ಕುಲುಮೆಯ ಲೆಕ್ಕ, ಮನೆಯಲ್ಲಿ ಹೆಚ್ಚುಕಮ್ಮಿ ಆದೀತು.

(ನಮ್ಮ ಸುಟ್ಟ ಇಟ್ಟಿಗೆಗೆ ಈ ಉಪಾಯ ಬೇಡ, ಗೂಡಿನಲ್ಲೇ ಬೆಂಕಿ ಕಂಡು ಬಂದದ್ದು.)

ಮಗಳಿಗೆ ಒಂದು ಮಾತು ಹೇಳಿ: ಗ್ಯಾರೇಜ್ ಕಡೆಯ ಗೋಡೆಯಲ್ಲಿ ವೈರ್‌ ಎಳೆಯಲೆಂದು ತೂತು ಕೊರೆಸಿದ್ದರೆ, ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿಸಲಿ.