ಹಿಡಿಯ ಒಂದು ಎಳೆತಕ್ಕೆ ಒಂದು ತೋಟಾ

ಗುಂಡು ಹಾರಿದ ಮರುಕ್ಷಣ ಪಿಸ್ತೂಲಿನ ಪಕ್ಕದಿಂದ ಚಿಮ್ಮಿ ನೆಲಕ್ಕೆ ಬಿದ್ದು ಠಣ್ಣೆನ್ನುವ ಹಿತ್ತಾಳೆಯ ಕೊಳವೆಯನ್ನು ಸಿನಿಮಾದಲ್ಲಿ ನೋಡದವರು ಕಡಿಮೆ. ಸಿನಿಮಾದಲ್ಲಿ ಅದರ ಕಥೆ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದ ಗುರಿಕಾರರ ಪಾಲಿಗೆ ಮಾತ್ರ ಅದು ಅಲ್ಲಿಂದಲೇ ಶುರು. ಸ್ಪರ್ಧೆ ಮುಗಿದೊಡನೆ ಅವರು ಬಗ್ಗಿ ಬಗ್ಗಿ ಖಾಲಿ ಕೊಳವೆಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗುತ್ತಾರೆ. ಕಾರು ನಿಲ್ಲಿಸುವ ಕೋಣೆಯ ಮೂಲೆಯಲ್ಲಿ, ಗಟ್ಟಿ ಮರದ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ಯಂತ್ರ ಅವರಿಗಾಗಿ ಕಾದಿರುತ್ತದೆ. ಅದರ ಹಿಡಿಯನ್ನು ಒಮ್ಮೆ ಕೆಳಗೆಳೆದು ಬಿಟ್ಟರೆ ಸಿದ್ಧವಾದ ಒಂದು ತೋಟಾ ಡಬ್ಬಿಗೆ ಬೀಳುತ್ತದೆ. ಮತ್ತೆ ಎಳೆದರೆ ಮತ್ತೊಂದು.

ಇದಕ್ಕೆ 'ಪ್ರೋಗ್ರೆಸಿವ್ ಪ್ರೆಸ್' ಎಂದು ಹೆಸರು. ನಮ್ಮಲ್ಲಿ ಇಂಥದೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ; ಆ ಮಾತು ಮುಂದೆ ಬರುತ್ತದೆ. ಆದರೆ ಹೈಸ್ಕೂಲಿನ ಭೌತಶಾಸ್ತ್ರ, ರಸಾಯನಶಾಸ್ತ್ರಗಳೂ ಕಾರ್ಖಾನೆಯ ಜಾಣತನವೂ ಮನುಷ್ಯನ ಮರೆವೂ ಒಂದೇ ಮೇಜಿನ ಮೇಲೆ ಎದುರುಬದುರಾಗುವುದನ್ನು ನೋಡಬೇಕೆಂದರೆ ಈ ಯಂತ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ತೋಟಾದಲ್ಲಿ ನಾಲ್ಕೇ ಭಾಗ. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕೂತ ಪುಟ್ಟ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಬಂದೂಕಿನ ಸೂಜಿ ಕೇಪಿಗೆ ಬಡಿದಾಗ ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಅದು ಅನಿಲವಾಗಿ ಗುಂಡನ್ನು ಮುಂದಕ್ಕೆ ನೂಕುತ್ತದೆ. ಸಾಮಾನ್ಯ 9 ಮಿಲಿಮೀಟರ್ ಪಿಸ್ತೂಲಿನ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಗೊತ್ತುಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿ ಇದೇ ಲೆಕ್ಕದಲ್ಲಿ 30ರ ಆಸುಪಾಸು. ಸಾವಿರ ಪಟ್ಟಿಗಿಂತ ಹೆಚ್ಚಿನ ಆ ಒತ್ತಡ ಗುರಿಕಾರನ ಮೂಗಿನಿಂದ ಎರಡು ಅಡಿ ದೂರದಲ್ಲಿ, ಅವನ ಅಂಗೈಯಲ್ಲೇ ಹುಟ್ಟುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಮದ್ದು ಉರಿದುಹೋಯಿತು, ಗುಂಡು ಹಾರಿಹೋಯಿತು, ಕೇಪು ಸತ್ತಿತು. ಉಳಿದದ್ದು ಕೊಳವೆ. ನಾಲ್ಕರಲ್ಲಿ ಮತ್ತೆ ಬಳಕೆಗೆ ಬರುವುದೂ ಅದೊಂದೇ. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಸೇರಿದ ಈ ಹಿತ್ತಾಳೆಗೆ ಒಂದು ವಿಶೇಷ ಗುಣವಿದೆ. ಒತ್ತಡ ಬಿದ್ದಾಗ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಸ್ವಲ್ಪ ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಸ್ವಲ್ಪ ಮಾತ್ರ. ಪೂರ್ತಿ ಮೊದಲಿನ ಅಳತೆಗೆ ಬರುವುದಿಲ್ಲ. ಆದ್ದರಿಂದ ಅದನ್ನು ಮತ್ತೆ ತುಂಬುವ ಮುನ್ನ ಅಚ್ಚಿನೊಳಗೆ ಒತ್ತಿ ಸಣ್ಣದು ಮಾಡಬೇಕು. ಅಕ್ಕಸಾಲಿಗರು ಕಂಬಚ್ಚಿನ ತೂತಿನಲ್ಲಿ ತಂತಿ ಎಳೆದು ಸಪೂರ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ಇಬ್ಬರು ಸೈನ್ಯಾಧಿಕಾರಿಗಳ ತಮಾಷೆ

ಮನೆಯಲ್ಲಿ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೆಳೆದಷ್ಟು ಬೇರೆಡೆ ಬೆಳೆಯದಿರುವುದಕ್ಕೆ ಕಾನೂನಿನ ಜೊತೆಗೆ ಒಂದು ಸಣ್ಣ ತೂತೂ ಕಾರಣ. 1866ರ ಸುಮಾರಿಗೆ ಕೇಪಿನ ಎರಡು ವಿನ್ಯಾಸಗಳು ಬಂದವು. ಒಂದು ಬ್ರಿಟಿಷ್ ಸೈನ್ಯದ ಎಡ್ವರ್ಡ್ ಬಾಕ್ಸರ್ ಅವರದು, ಇನ್ನೊಂದು ಅಮೆರಿಕದ ಹೈರಮ್ ಬರ್ಡನ್ ಅವರದು. ಬಾಕ್ಸರ್ ಮಾದರಿಯಲ್ಲಿ ಕೊಳವೆಯ ತಳದ ನಟ್ಟನಡುವೆ ಒಂದೇ ತೂತು. ಮೇಲಿನಿಂದ ನೇರ ಸೂಜಿ ಇಳಿಸಿದರೆ ಸತ್ತ ಕೇಪು ಉದುರಿಬೀಳುತ್ತದೆ. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಬದಿಗೆ ಸರಿದ ಎರಡು ಪುಟ್ಟ ತೂತು, ಸೂಜಿಗೆ ದಾರಿಯಿಲ್ಲ. ವಿಚಿತ್ರವೆಂದರೆ ಇಂಗ್ಲಿಷಿನವರ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವರದು ಯುರೋಪಿನ ಸೈನ್ಯಗಳಲ್ಲಿ ಹರಡಿತು. ಹಾಗಾಗಿ ಮತ್ತೆ ತುಂಬಲು ಸುಲಭವಾದ ಕೊಳವೆ ಸಿಕ್ಕಿದ್ದು ಅಮೆರಿಕದವರಿಗೆ.

ಅಲ್ಲಿ ಜಾನ್ ಬಾರ್ಲೋ ಎಂಬವರು 1884ರಲ್ಲಿ ಶುರುಮಾಡಿದ ಐಡಿಯಲ್ ಕಂಪೆನಿ ಕೈಯಲ್ಲಿ ಹಿಡಿದು ಒತ್ತುವ ಸಲಕರಣೆಗಳನ್ನು ಮಾರಿತು. ಆಮೇಲೆ ಮೇಜಿಗೆ ಕೂರಿಸುವ ಪ್ರೆಸ್ಸುಗಳು ಬಂದವು. ಅವುಗಳಲ್ಲಿ ಒಮ್ಮೆಗೆ ಒಂದೇ ಅಚ್ಚು, ಒಂದೇ ಕೆಲಸ. ನೂರು ಕೊಳವೆಗಳಿಗೆ ಒಂದು ಕೆಲಸ ಮುಗಿಸಿ, ಅಚ್ಚು ಬದಲಿಸಿ, ಅದೇ ನೂರಕ್ಕೆ ಎರಡನೆಯ ಕೆಲಸ. ಬೇಟೆಗೆ ವರ್ಷಕ್ಕೆ ಒಂದೆರಡು ಡಬ್ಬಿ ತೋಟಾ ಸಾಕೆನ್ನುವವರಿಗೆ ಇಂದಿಗೂ ಅದೇ ನೆಮ್ಮದಿ. ಆದರೆ 1976ರಲ್ಲಿ ಅಂತರರಾಷ್ಟ್ರೀಯ ಪ್ರಾಯೋಗಿಕ ಗುರಿಸ್ಪರ್ಧೆಯ ಒಕ್ಕೂಟ ಹುಟ್ಟಿ, ಓಡುತ್ತ ಓಡುತ್ತ ಪಿಸ್ತೂಲು ಹಾರಿಸುವ ಕ್ರೀಡೆ ಜನಪ್ರಿಯವಾದಾಗ ಅಭ್ಯಾಸಕ್ಕೆ ಸಾವಿರಗಟ್ಟಲೆ ತೋಟಾ ಬೇಕಾಯಿತು. ಆ ಹೊತ್ತಿಗೆ ವಿಮಾನದ ಪೈಲಟ್ ಆಗಿದ್ದ ಮೈಕ್ ಡಿಲನ್ ಹಳೆಯ ಸ್ಟಾರ್ ಯಂತ್ರಗಳಿಗೆ ಬಿಡಿಭಾಗ ಮಾಡುತ್ತ ಮಾಡುತ್ತ ತಮ್ಮದೇ ಯಂತ್ರಗಳಿಗೆ ಕೈಹಾಕಿದರು. ಅರಿಜೋನಾದ ಅವರ ಕಂಪೆನಿಯ '550' ಎಂಬ ಮಾದರಿ 1980ರ ದಶಕದಲ್ಲಿ ಬಂದು ಹವ್ಯಾಸಿಗಳ ಮನೆ ಹೊಕ್ಕಿತು. ಡಿಲನ್ 2016ರಲ್ಲಿ ತೀರಿಕೊಂಡರು. ಆ ಮಾದರಿ ಅವರ ನಂತರವೂ ಉಳಿಯಿತು.

ತಿರುಗುವ ತಟ್ಟೆ

ಯಂತ್ರದ ಮೇಲೆ ನಾಲ್ಕು ಅಚ್ಚುಗಳು ಒಂದು ವೃತ್ತದಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಕೆಳಗೆ ನಾಲ್ಕು ಕೊಳವೆಗಳನ್ನು ಹಿಡಿದುಕೊಳ್ಳುವ ತಟ್ಟೆ. ಹಿಡಿ ಎಳೆದಾಗ ತಟ್ಟೆ ಮೇಲೇರಿ ನಾಲ್ಕೂ ಕೊಳವೆಗಳು ಏಕಕಾಲಕ್ಕೆ ತಮ್ಮ ತಮ್ಮ ಅಚ್ಚಿನೊಳಗೆ ಹೋಗುತ್ತವೆ. ಮೊದಲನೆಯದರಲ್ಲಿ ಸತ್ತ ಕೇಪು ಉದುರಿ ಕೊಳವೆ ಹಳೆಯ ಅಳತೆಗೆ ಬರುತ್ತದೆ. ಹಿಡಿಯನ್ನು ಹಿಂದಕ್ಕೆ ನೂಕುವಾಗ ಅಲ್ಲೇ ಹೊಸ ಕೇಪು ಕೂರುತ್ತದೆ. ಎರಡನೆಯದರಲ್ಲಿ ಬಾಯಿ ಒಂದಿಷ್ಟು ಅಗಲವಾಗಿ ಮದ್ದು ಬೀಳುತ್ತದೆ. ಮೂರನೆಯದರಲ್ಲಿ ಗುಂಡು ಒಳಗಿಳಿಯುತ್ತದೆ. ನಾಲ್ಕನೆಯದರಲ್ಲಿ ಬಾಯಿಯನ್ನು ಬಿಗಿಮಾಡುತ್ತದೆ. ಬಳಿಕ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದರೆ ಪ್ರತಿಯೊಂದೂ ಒಂದು ಮನೆ ಮುಂದಕ್ಕೆ. ಮೊದಲ ಕೊಳವೆ ನಾಲ್ಕು ಎಳೆತ ಕಾಯಬೇಕು ನಿಜ. ಅನಂತರ ಎಳೆತಕ್ಕೊಂದು ತಪ್ಪದೆ ಹೊರಗೆ. ಗಂಟೆಗೆ 400ರಿಂದ 600 ಎಂಬುದು ತಯಾರಕರ ಲೆಕ್ಕ.

ಕಾರು ಕಾರ್ಖಾನೆಯ ಜೋಡಣಾ ಸಾಲನ್ನೇ ಸುತ್ತಿ ಉಂಡೆ ಮಾಡಿ ಮೇಜಿನ ಮೇಲಿಟ್ಟಂತೆ ಇದು. ಕಾರ್ಖಾನೆಯಲ್ಲಿ ನಾಲ್ಕು ಕೆಲಸಕ್ಕೆ ನಾಲ್ಕು ಜನ, ಅವರ ಮೇಲೊಬ್ಬ ಪರೀಕ್ಷಕ. ಇಲ್ಲಿ ನಾಲ್ವರೂ ಪರೀಕ್ಷಕನೂ ಒಬ್ಬನೇ. ಅಪಾಯ ಇರುವುದು ಇಲ್ಲೇ.

ಹೀಗೆ ಆಗುತ್ತದೆ: ಹಿಡಿ ಎಳೆದಾಯಿತು, ಎರಡನೆಯ ಮನೆಯ ಕೊಳವೆಗೆ ಮದ್ದು ಬಿತ್ತು. ಅಷ್ಟರಲ್ಲಿ ಮೊದಲ ಮನೆಯಲ್ಲಿ ಕೇಪು ಅಡ್ಡ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ಸರಿಮಾಡುವ ಹೊತ್ತಿಗೆ, ಅಥವಾ ಒಳಗಿನಿಂದ ಯಾರೋ ಊಟಕ್ಕೆ ಕರೆದು ಓಗೊಟ್ಟು ಬರುವ ಹೊತ್ತಿಗೆ, ತಟ್ಟೆ ತಿರುಗಿಸಿದ್ದೇನೋ ಇಲ್ಲವೋ ಮರೆತುಹೋಯಿತು. ತಿರುಗಿಸದೆ ಮತ್ತೊಮ್ಮೆ ಎಳೆದರೆ ಅದೇ ಕೊಳವೆಗೆ ಎರಡು ಪಾಲು ಮದ್ದು. ಬೇಗ ಉರಿಯುವ ಪಿಸ್ತೂಲಿನ ಮದ್ದು ಕೊಳವೆಯ ಅರ್ಧವನ್ನೂ ತುಂಬದಿರಬಹುದು. ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಮೇಲೆ ಗುಂಡು ಕೂತಮೇಲೆ ಆ ತೋಟಾಕ್ಕೂ ಉಳಿದ ಐನೂರಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ಅದು ಗೊತ್ತಾಗುವುದು ಪಿಸ್ತೂಲು ಕೈಯಲ್ಲಿ ಸಿಡಿದಾಗ.

ಮದ್ದು ಬೀಳದೇ ಹೋದರೂ ಅನರ್ಥ ತಪ್ಪಿದ್ದಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ಒಂದಿಷ್ಟು ದೂರ ಹೋಗಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. 'ಠುಸ್' ಎಂದದ್ದನ್ನು ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಒಡೆಯುತ್ತದೆ.

ಇದಕ್ಕೆ ಹೊರಬಂದ ಪರಿಹಾರಗಳು ಸ್ವಾರಸ್ಯವಾಗಿವೆ. ಡಿಲನ್ ಅವರದೇ ಮುಂದಿನ ಮಾದರಿಯಲ್ಲಿ ತಟ್ಟೆ ತಾನಾಗಿ ತಿರುಗುತ್ತದೆ, ಐದನೆಯ ಮನೆಯೊಂದನ್ನು ಮದ್ದಿನ ಮಟ್ಟ ನೋಡುವುದಕ್ಕೆಂದೇ ಬಳಸಬಹುದು. ಹೆಚ್ಚೋ ಕಡಿಮೆಯೋ ಆದರೆ ಕುಂಯ್ ಎಂದು ಕೂಗುತ್ತದೆ. ಬುದ್ಧಿವಂತ ಹವ್ಯಾಸಿಗಳದ್ದು ಇನ್ನೂ ಅಗ್ಗದ ಉಪಾಯ: ಎರಡು ಪಾಲು ಬಿದ್ದರೆ ಉಕ್ಕಿ ಹರಿಯುವಂಥ ಹಗುರವಾದ, ಹೆಚ್ಚು ಜಾಗ ಹಿಡಿಯುವ ಮದ್ದನ್ನೇ ಆರಿಸಿಕೊಳ್ಳುವುದು. ತಪ್ಪು ತನ್ನನ್ನು ತಾನೇ ತೋರಿಸಿಕೊಳ್ಳಲಿ ಎಂಬ ಈ ಯೋಚನೆ ಯಾವ ಎಲೆಕ್ಟ್ರಾನಿಕ್ ಕೂಗಿಗಿಂತಲೂ ಮೇಲು.

ಕೂರಿಸುವುದೇ ಒಂದು ವ್ರತ

ಯಂತ್ರ ಪೆಟ್ಟಿಗೆಯಿಂದ ಹೊರಬಂದ ದಿನವೇ ತೋಟಾ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಅನುಭವಸ್ಥರು ಆ ದಿನ ಮದ್ದಿನ ಡಬ್ಬಿಯನ್ನು ತೆರೆಯುವುದೇ ಇಲ್ಲ. ಮೇಜು ಅಲುಗಾಡಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಕಾರಣ ಸರಳ. ಯಂತ್ರ ಮದ್ದನ್ನು ತೂಗುವುದಿಲ್ಲ, ಅಳೆಯುತ್ತದೆ. ಪಾವಿನಲ್ಲಿ ಅಕ್ಕಿ ಅಳೆಯುವಾಗ ಸುಮ್ಮನೆ ತುಂಬಿದರೆ ಒಂದು ಲೆಕ್ಕ, ಕುಲುಕಿ ತುಂಬಿದರೆ ಇನ್ನೊಂದು ಲೆಕ್ಕವಲ್ಲವೇ? ಹಾಗೆಯೇ ಹಿಡಿಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ರಭಸದಿಂದ ಎಳೆದರೆ ಮದ್ದಿನ ತೂಕವೂ ಏರಿಳಿಯುತ್ತದೆ. ಅದಕ್ಕೇ ಪಕ್ಕದಲ್ಲೊಂದು ಸೂಕ್ಷ್ಮ ತಕ್ಕಡಿ ಇರಲೇಬೇಕು.

ಆ ತಕ್ಕಡಿಯ ಮಾನ 'ಗ್ರೇನ್'. ಒಂದು ಧಾನ್ಯದ ಕಾಳಿನ ತೂಕ ಎಂಬ ಹಳೆಯ ಕಲ್ಪನೆಯಿಂದ ಬಂದದ್ದು, ಸುಮಾರು 65 ಮಿಲಿಗ್ರಾಂ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ, ಅಂದರೆ ಒಂದು ತೊಲ, ಸರಿಯಾಗಿ 180 ಗ್ರೇನ್ ತೂಗುತ್ತಿತ್ತು. ತೊಲಕ್ಕೆ 96 ಗುಲಗಂಜಿ. ಹಾಗಾದರೆ ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಎರಡು ಗ್ರೇನಿಗೆ ಕೊಂಚ ಕಡಿಮೆ. ತೋಟಾ ತುಂಬುವವನು ಲೆಕ್ಕ ಹಾಕುವುದು ಗ್ರೇನಿನ ಹತ್ತನೆಯ ಒಂದು ಪಾಲಿನಲ್ಲಿ!

ಅಚ್ಚುಗಳನ್ನು ಒಂದೊಂದಾಗಿ ಹೊಂದಿಸುತ್ತಾರೆ. ತಟ್ಟೆಯಲ್ಲಿ ಒಂದೇ ಒಂದು ಕೊಳವೆ ಇಟ್ಟು, ನಾಲ್ಕು ಮನೆ ದಾಟಿಸಿ, ಪ್ರತಿ ಹಂತದಲ್ಲಿ ತೆಗೆದು ಅಳೆದು ಮತ್ತೆ ಇಡುತ್ತಾರೆ. ಮುದ್ರಿತ ಕೈಪಿಡಿಯಲ್ಲಿರುವ ಕನಿಷ್ಠ ಪ್ರಮಾಣದಿಂದಲೇ ಆರಂಭ. ಸ್ನೇಹಿತ ಹೇಳಿದ ಲೆಕ್ಕವನ್ನು ನಂಬುವುದಿಲ್ಲ. ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬಿ, ಎರಡನೆಯದು ಬೀರುವಿನಲ್ಲಿ. ಕಣ್ಣಿಗೆ ಕನ್ನಡಕ. ಟಿ.ವಿ. ಇಲ್ಲ, ಫೋನಿಲ್ಲ, ತಿಂಡಿ ಕಾಫಿಯಂತೂ ಇಲ್ಲವೇ ಇಲ್ಲ, ಏಕೆಂದರೆ ಕೇಪಿನೊಳಗಿನ ರಾಸಾಯನಿಕದಲ್ಲಿ ಸೀಸವಿದೆ ಮತ್ತು ಅದರ ಮಸಿ ಹಳೆಯ ಕೊಳವೆಗಳಿಗೆಲ್ಲ ಮೆತ್ತಿರುತ್ತದೆ. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ವಿಷ. ಹಾಗಾಗಿ ಕೊಳವೆಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಉರುಳಿಸಿ ಬೆಳಗುವ ಕೆಲಸವನ್ನು ಮನೆಯೊಳಗೆ ಮಾಡಬಾರದು, ಮಕ್ಕಳು ಆ ಧೂಳಿನ ಹತ್ತಿರ ಸುಳಿಯಬಾರದು ಎಂಬುದು ಆ ಹವ್ಯಾಸದ ಮೊದಲ ಪಾಠ.

ಬೆಳಗುವುದರಲ್ಲೂ ಒಂದು ನಿಷೇಧವಿದೆ: ಅಮೋನಿಯಾ ಇರುವ ಪಾಲಿಶ್ ಕೂಡದು. ಈ ಪಾಠ ಕಲಿತದ್ದು ನಮ್ಮ ದೇಶದಲ್ಲಿ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೊಳವೆಗಳಲ್ಲಿ ಬಿರುಕು! ಕಾಲಕ್ಕೆ ತಕ್ಕಂತೆ ಬರುವ ಈ ರೋಗಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂದೇ ಹೆಸರಾಯಿತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಒತ್ತಿ ಎಳೆದ ಹಿತ್ತಾಳೆಯೊಳಗೆ ಉಳಿದುಹೋದ ಬಿಗುವಿನೊಂದಿಗೆ ಸೇರಿ ಲೋಹವನ್ನು ಸೀಳುತ್ತದೆ ಎಂದು ವಿಜ್ಞಾನಿಗಳು 1921ರಲ್ಲಿ ವಿವರಿಸಿದರು.

ನಮ್ಮಲ್ಲಿ

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ 'ಮದ್ದುಗುಂಡು' ಎಂಬ ಪದದ ಅರ್ಥವಿವರಣೆಯಲ್ಲಿ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿಬಿಟ್ಟಿದೆ. ಒಂದು ಗುಂಡನ್ನೂ ತುಂಬದೆ ಈ ಪ್ರೆಸ್ಸನ್ನು ಸುಮ್ಮನೆ ತರಿಸಿ ಮನೆಯಲ್ಲಿಟ್ಟರೂ ಅದು ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡೇ. ಪರವಾನಗಿಯಿಲ್ಲದ ತಯಾರಿಕೆಗೆ ಕಠಿಣ ಸೆರೆವಾಸವಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತಾದರೂ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಕೆಗಲ್ಲ. ಮಕ್ಕಳು ಕಂಪ್ಯೂಟರಿನಲ್ಲಿ ಇಂಥ ಯಂತ್ರದ ವಿಡಿಯೊ ನೋಡಿ ಕುತೂಹಲ ತಾಳಿದರೆ ಪೋಷಕರು ಗದರಿಸಬೇಕಿಲ್ಲ, ಈ ಒಂದು ವಿಷಯ ತಿಳಿಸಿದರೆ ಸಾಕು.

ಗುರಿಕಾರಿಕೆಯಲ್ಲಿ ಆಸೆಯಿರುವ ವಿದ್ಯಾರ್ಥಿಗೆ ಇದರಿಂದ ನಷ್ಟವೇನಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಗಾಳಿಯ ಬಲದಿಂದ ಹಾರುವ ಪೆಲೆಟ್‌ನಿಂದ; ಅದಕ್ಕೆ ಮದ್ದೇ ಇಲ್ಲ. 50 ಮೀಟರ್ ಸ್ಪರ್ಧೆಯ ಪಾಯಿಂಟ್ 22 ತೋಟಾದಲ್ಲಿ ಸಿಡಿಯುವ ವಸ್ತು ಪ್ರತ್ಯೇಕ ಕೇಪಿನಲ್ಲಿರದೆ ಕೊಳವೆಯ ಅಂಚಿನ ಮಡಿಕೆಯೊಳಗೇ ಇರುತ್ತದೆ. ಸೂಜಿ ಬಡಿದು ಒಮ್ಮೆ ನಜ್ಜುಗುಜ್ಜಾದ ಅಂಚನ್ನು ಈ ಯಂತ್ರ ಮತ್ತೆ ಸರಿಮಾಡಲಾರದು.

ಪಿಸ್ತೂಲಿನ ಕೊಳವೆಗೂ ಆಯುಸ್ಸಿದೆ. ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಹಿತ್ತಾಳೆ ಗಡುಸಾಗುತ್ತ ಹೋಗಿ ಒಂದು ದಿನ ಬಾಯಿಯ ಬಳಿ ಕೂದಲೆಳೆಯಷ್ಟು ಸೀಳು ಕಾಣಿಸುತ್ತದೆ. ಅಂಥದ್ದನ್ನು ಹವ್ಯಾಸಿ ಹಾಗೇ ಬಿಸಾಡುವುದಿಲ್ಲ. ಯಾರೂ ತಪ್ಪಿ ಮತ್ತೆ ಎತ್ತಿಕೊಳ್ಳದಂತೆ ಇಕ್ಕಳದಿಂದ ಅದರ ಬಾಯನ್ನು ಅಮುಕಿ ಚಪ್ಪಟೆ ಮಾಡಿ ಗುಜರಿಯ ಬಕೆಟ್ಟಿಗೆ ಹಾಕುತ್ತಾನೆ.