ತೊಗರಿ ಹೂ ಬಿಡುವ ಹೊತ್ತಿನ ತರಗತಿ

ಕಲಬುರಗಿ ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ನಡುವಿನವರೆಗಿನ ಎರಡು ತಿಂಗಳನ್ನು ಪಾಠ ಸಾಗದ ಕಾಲವೆಂದು ಲೆಕ್ಕ ಹಾಕುವವರೇ ಹೆಚ್ಚು. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ, ಆ ಆಸುಪಾಸಿನಲ್ಲೇ ಸಂಕಲನಾತ್ಮಕ ಮೌಲ್ಯಮಾಪನ, ಆಮೇಲೆ ಗಾಂಧಿ ಜಯಂತಿ, ದಸರಾ ರಜೆ. ಮಕ್ಕಳು ಮರಳಿ ಬೆಂಚಿಗೆ ಒಗ್ಗುವಷ್ಟರಲ್ಲಿ ದೀಪಾವಳಿ, ರಾಜ್ಯೋತ್ಸವ, ನವೆಂಬರ್ 14ರ ಮಕ್ಕಳ ದಿನಾಚರಣೆ. 2025ರಲ್ಲಂತೂ ಜಾತಿ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿದ್ದರಿಂದ ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಹೀಗಿರುವಾಗ ಪಾಲಕರೂ ಅಧಿಕಾರಿಗಳೂ ಈ ದಿನಗಳನ್ನು ನಷ್ಟದ ಕಡೆಗೆ ಬರೆದಿಟ್ಟರೆ ಅಚ್ಚರಿಯಿಲ್ಲ. ಆದರೆ ಒಂದರಿಂದ ಮೂರನೇ ತರಗತಿಯ ಮಕ್ಕಳ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಆ ಮಕ್ಕಳು ಕಲಿಯುವ ನಲಿ–ಕಲಿ ತರಗತಿಯ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ವರ್ಷದಲ್ಲಿ ಕಲಿಕೆಗೆ ಅತ್ಯಂತ ಹದವಾದ ಕಾಲ ಇದೇ ಎಂದು ತಿಳಿಯುತ್ತದೆ.

ನಲಿ–ಕಲಿ ಹುಟ್ಟಿದ್ದು ಇಲ್ಲಲ್ಲ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಆರಂಭಿಸಿದ ಪ್ರಯೋಗವದು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಕಲಿಯಬೇಕಾದದ್ದನ್ನು ಮೈಲಿಗಲ್ಲುಗಳಾಗಿ ಒಡೆದು, ಪ್ರತಿ ಮೈಲಿಗಲ್ಲಿಗೂ ಪ್ರಾಣಿ, ಪಕ್ಷಿ, ವಸ್ತುಗಳ ಚಿಹ್ನೆಯಿರುವ ಕಾರ್ಡುಗಳನ್ನು ಮಾಡಿ, ಅವುಗಳ ಕ್ರಮವನ್ನು ಕಲಿಕಾ ಏಣಿಯಲ್ಲಿ ತೋರಿಸಿರುತ್ತಾರೆ. ಮಗು ಏಣಿಯಲ್ಲಿ ತಾನು ನಿಂತ ಮೆಟ್ಟಿಲನ್ನು ತಾನೇ ಗುರುತಿಸಿ, ಕಾರ್ಡು ತೆಗೆದುಕೊಂಡು ತಟ್ಟೆ ಎಂದು ಕರೆಯುವ ತನ್ನ ಗುಂಪಿಗೆ ಹೋಗುತ್ತದೆ. ಒಂದು ತಟ್ಟೆಯವರಿಗೆ ಶಿಕ್ಷಕರ ಪೂರ್ಣ ನೆರವು ಬೇಕು, ಇನ್ನೊಂದರಲ್ಲಿ ಗೆಳೆಯರದೇ ನೆರವು, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕರಿಹಲಗೆ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ತೂಗುಬಿಟ್ಟ ಚಪ್ಪರ, ಪಕ್ಕದಲ್ಲಿ ಹವಾಮಾನ ನಕ್ಷೆ. ಪಠ್ಯಪುಸ್ತಕದ ಪಾಠವಾದರೆ ವಾರ ತಪ್ಪಿಸಿಕೊಂಡ ಮಗು ಹಿಂದುಳಿಯುತ್ತದೆ. ಇಲ್ಲಿ ರಜೆ ಮುಗಿಸಿ ಬಂದವಳು ತಾನು ಬಿಟ್ಟುಹೋದ ಮೆಟ್ಟಿಲಿಂದಲೇ ಹತ್ತುತ್ತಾಳೆ. ಕೂಲಿಗೆ ಗುಳೆ ಹೋಗುವ ಕುಟುಂಬಗಳಿರುವ ಈ ಭಾಗಕ್ಕೆ ಇದು ಸಣ್ಣ ಅನುಕೂಲವೇನಲ್ಲ. ಬಿಟ್ಟು ಬಿಟ್ಟು ನಡೆಯುವ ಶಾಲೆಯನ್ನು ತಾಳಿಕೊಳ್ಳುವ ಗುಣ ಈ ಪದ್ಧತಿಯಲ್ಲಿಯೇ ಇದೆ.

ಹವಾಮಾನ ನಕ್ಷೆಯನ್ನೇ ನೋಡಿ. ದಿನವೂ ಮಗುವೊಂದು ಹೊರಗೆ ನೋಡಿ ಬಂದು ಬಿಸಿಲು, ಮೋಡ, ಮಳೆ, ಗಾಳಿ ಎಂದು ಗುರುತಿಸಬೇಕು. ಕಲಬುರಗಿಯಲ್ಲಿ ಮಾರ್ಚ್ ತಿಂಗಳಿಡೀ ಈ ಕೆಲಸಕ್ಕೆ ಒಂದೇ ಚಿತ್ರ ಸಾಕು, ಅದನ್ನು ಬರೆಯಲು ಹೊರಗೆ ಇಣುಕುವ ಅಗತ್ಯವೂ ಇಲ್ಲ! ನಕ್ಷೆ ನಿಜವಾಗಿ ಮಾತಾಡುವುದು ಉತ್ತರಿ, ಹಸ್ತಾ, ಚಿತ್ತಿ ಮಳೆಗಳ ಕಾಲದಲ್ಲಿ. ಬೆಳಗ್ಗೆ ಮಂಜು, ಮಧ್ಯಾಹ್ನ ಉರಿಬಿಸಿಲು, ಸಂಜೆಗೆ ಗುಡುಗು. ಒಂದು ದಿನದ ಚೌಕದಲ್ಲಿ ಯಾವ ಚಿತ್ರ ಬರೆಯಬೇಕೆಂದು ಮಕ್ಕಳು ಜಗಳಾಡಲೇಬೇಕು. ಆ ಜಗಳವೇ ಭಾಷೆಯ ಪಾಠ. ತಿಂಗಳ ಕೊನೆಗೆ ಮಳೆಯ ದಿನಗಳೆಷ್ಟು, ಬಿಸಿಲಿನವೆಷ್ಟು ಎಂದು ಎಣಿಸಿ ಹೋಲಿಸಿದರೆ ಅದು ಗಣಿತ. ಇದೇ ಹಸಿಯಲ್ಲಿ ಮನೆಯವರು ಹಿಂಗಾರಿ ಜೋಳ ಬಿತ್ತುತ್ತಾರೆ, ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಹಳದಿ ಹೂ ಬಿಡುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಬೆಳೆ ಶಾಲೆಯ ಕಾಂಪೌಂಡಿನಾಚೆ ಹೂವಾಗಿ ನಿಂತಿರುವಾಗ ಒಳಗೆ ಮಕ್ಕಳು ಕಾರ್ಡಿನ ಮೇಲಿನ ಹೂವಿಗಷ್ಟೇ ಬಣ್ಣ ತುಂಬುವುದು ಎಂಥ ವಿಚಿತ್ರ.

ದಸರಾದ ಘಟವೂ ಇಂಥದೇ. ಇಲ್ಲಿನ ಅನೇಕ ಮನೆಗಳಲ್ಲಿ ನವರಾತ್ರಿಯ ಮೊದಲ ದಿನ ಹೊಲದ ಮಣ್ಣು ತಂದು, ಕಾಳು ಬಿತ್ತಿ, ದೇವರ ಮುಂದೆ ಘಟ ಹಾಕುತ್ತಾರೆ. ಒಂಬತ್ತು ದಿನಗಳಲ್ಲಿ ಮೊಳಕೆ ಗೇಣುದ್ದ ಏಳುತ್ತದೆ. ಬೀಜ ಮೊಳೆಯುವುದನ್ನು ದಿನದಿನವೂ ನೋಡುವ ಇದಕ್ಕಿಂತ ಸಲೀಸಾದ ವಿಜ್ಞಾನ ಪ್ರಯೋಗವನ್ನು ಯಾವ ಇಲಾಖೆಯೂ ರಜೆಯಲ್ಲಿ ಏರ್ಪಡಿಸಲಾರದು. ಆದರೆ ಸರ್ಕಾರಿ ಶಾಲೆಗೆ ಒಂದು ಧರ್ಮದ ಹಬ್ಬ ತರುವುದು ಸರಿಯೇ? ಉರ್ದು ಮಾತಾಡುವ ಮಕ್ಕಳು ಇಷ್ಟೊಂದಿರುವ ಊರಿನಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು, ತಳ್ಳಿಹಾಕಲೂಬಾರದು. ಶಾಲೆಗೆ ಬೇಕಾದದ್ದು ಕಾಳು ಮತ್ತು ಮಣ್ಣು, ಪೂಜೆಯಲ್ಲ. ಒಡೆದ ಕುಡಿಕೆಯಲ್ಲೋ ತೆಂಗಿನ ಕರಟದಲ್ಲೋ ಎಲ್ಲ ಮಕ್ಕಳೂ ಜೋಳ, ಕಡಲೆ, ಹೆಸರು ಹಾಕಿ ದಿನಕ್ಕೊಂದು ಚಿತ್ರ ಬರೆದರೆ, ಘಟ ಇರುವ ಮನೆಯ ಮಗುವಿಗೂ ಇಲ್ಲದ ಮನೆಯ ಮಗುವಿಗೂ ರಜೆಯ ನಂತರ ಹೇಳಲು ಸಮನಾದ ಸುದ್ದಿ ಇರುತ್ತದೆ. ದೀಪಾವಳಿಗೂ ಇದೇ ಮಾತು. ಹುಮನಾಬಾದ್ ರಸ್ತೆಯ ಕಮಲಾಪುರದ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಎಂಬ ಹಬ್ಬದ ಹಾರೈಕೆ ಹೇಳುತ್ತಾರೆ. ತಾಂಡಾದಿಂದ ಬರುವ ಮಗು ಶಾಲೆಯ ಕನ್ನಡಕ್ಕೆ ತಡವರಿಸುತ್ತದೆ; ಮೇರಾದ ಬಗ್ಗೆ ಕೇಳಿದ ದಿನ ತಿಳಿದು ಹೇಳುವುದು ಆ ಮಗುವೇ, ಕೇಳುವವರು ಉಳಿದವರು.

ಅದೇ ಕಮಲಾಪುರಕ್ಕೆ ತನ್ನದೇ ಕೆಂಬಾಳೆ ಇದೆ, ಅದಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಯೋಜನೆ 2021ರ ಡಿಸೆಂಬರಿನಲ್ಲಿ ಮೊದಲು ಬಂದದ್ದೂ ಮುಖ್ಯವಾಗಿ ಕಲ್ಯಾಣ ಕರ್ನಾಟಕಕ್ಕೇ. ಮಕ್ಕಳ ದಿನದ ಸುಮಾರಿಗೆ ಹಲವು ಶಾಲೆಗಳು ನಡೆಸುವ ಮಕ್ಕಳ ಸಂತೆಯಲ್ಲಿ ಕೆಂಬಾಳೆಯನ್ನೂ ಹಳದಿ ಬಾಳೆಯನ್ನೂ ಅಕ್ಕಪಕ್ಕ ಇಟ್ಟರೆ ತೂಕ, ಬೆಲೆ, ಚಿಲ್ಲರೆ ಎಲ್ಲವೂ ಅಲ್ಲೇ ಬಂತು. ಒಂದು ಹಣ್ಣು ಏಕೆ ದುಬಾರಿ ಎಂಬ ಪ್ರಶ್ನೆಗೆ ಬೆಳೆಗಾರನ ಮಗುವೇ ಉತ್ತರಿಸಬಹುದು. ನಗರದ ಶಾಲೆಗಳಿಗೆ ಹೊಲವಿಲ್ಲ, ನಿಜ. ಕಣ್ಣಿ ಮಾರ್ಕೆಟ್ ಇದೆಯಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಓದಿನದು. ಮಕ್ಕಳ ಕಲಿಕೆಯನ್ನು ಅಳೆಯುವ 2022ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 20.5 ಮಾತ್ರ. ಅಕ್ಷರವೇ ಬಾರದವರಿಗೆ ಸಂತೆ, ಮೊಳಕೆ ಎಂದು ಕಾಲ ಕಳೆಯುವುದೇ ಎಂದು ಪಾಲಕರು ಸಿಟ್ಟಾದರೆ ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಅಂಕಿ ತೋರಿಸುವುದು ಚಟುವಟಿಕೆ ಹೆಚ್ಚಾದದ್ದನ್ನಲ್ಲ. ಕೋವಿಡ್‌ನಿಂದ ಶಾಲೆ ಮುಚ್ಚಿ, ಮಕ್ಕಳಿಗೆ ಮಾತು, ಜೊತೆ, ಕೈಕೆಲಸ ಮೂರೂ ತಪ್ಪಿದ ಕಾಲದ ಬೆಲೆಯನ್ನು. 2018ರಲ್ಲಿ ಇದೇ ಅಂಕಿ ಶೇ 27.3 ಇತ್ತು, ಅದೂ ಹೆಮ್ಮೆಪಡುವಂಥದಲ್ಲ. ತೊಗರಿ ಹೂವಿನ ಬಗ್ಗೆ ಮಗು ಹೇಳಿದ ವಾಕ್ಯವನ್ನು ಶಿಕ್ಷಕರು ಅದರ ಎದುರೇ ಬರೆದು, ಮಗು ಅದನ್ನೇ ತಿರುಗಿ ಓದಿದರೆ ಓದಿನ ಅಭ್ಯಾಸ ತಪ್ಪಲಿಲ್ಲ, ಅರ್ಥ ಗೊತ್ತಿರುವ ಪಠ್ಯವೊಂದು ಸಿಕ್ಕಿತು. ಹೂವನ್ನು ನೋಡಿ ಬಂದು ಬರೆಯದೆ ಬಿಟ್ಟರೆ ಮಾತ್ರ ಪಾಲಕರ ಮಾತೇ ಗೆದ್ದಂತೆ.

ಇದೇ ಕಾರಣಕ್ಕೆ ನನ್ನ ತಕರಾರು ಇರುವುದು ಹಬ್ಬದ ಮೇಲಲ್ಲ, ನಾವು ಶಾಲೆಯಲ್ಲಿ ಹಬ್ಬ ಮಾಡುವ ರೀತಿಯ ಮೇಲೆ. ಪ್ರತಿಭಾ ಕಾರಂಜಿ ಸ್ಪರ್ಧೆಯ ಕಂಠಪಾಠಕ್ಕೂ ಛದ್ಮವೇಷಕ್ಕೂ ಚುರುಕಾದ ಇಬ್ಬರನ್ನು ಆರಿಸಿ ವಾರಗಟ್ಟಲೆ ತಯಾರು ಮಾಡುತ್ತಾರೆ. ಉಳಿದವರು ಚಪ್ಪಾಳೆ ಹೊಡೆಯಲು. ಸೆಪ್ಟೆಂಬರ್ 17ರಂದು ಮಕ್ಕಳು ಸಾಲಾಗಿ ನಿಂತು ಭಾಷಣ ಕೇಳಿ ಸಿಹಿ ತಿಂದು ಮನೆಗೆ ಹೋಗುತ್ತಾರೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು, 1956ರಲ್ಲಿ ಈ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂದದ್ದು ಆರು ವರ್ಷದ ತಲೆಗೆ ಹತ್ತುವ ಸಂಗತಿಗಳಲ್ಲ. ಮನೆಯ, ಓಣಿಯ ಅತಿ ಹಿರಿಯರು ಯಾವ ಭಾಷೆಯಲ್ಲಿ ಸಾಲಿ ಕಲಿತರು ಎಂದು ಕೇಳಿಕೊಂಡು ಬರುವುದು ಹತ್ತುತ್ತದೆ. ಉರ್ದುವಿನಲ್ಲಿ ಕಲಿತವರು, ಸಾಲಿಯ ಮುಖವನ್ನೇ ನೋಡದವರು, ಇಬ್ಬರ ಉತ್ತರವೂ ಅದೇ ಇತಿಹಾಸಕ್ಕೆ ಸೇರಿದ್ದು.

ಮೂರು ತರಗತಿಯನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕರ ಮೇಲೆ ಇದು ಇನ್ನೊಂದು ಹೊರೆಯಲ್ಲವೇ ಎಂದರೆ, ದಾಖಲೆ, ಫೋಟೊ, ವರದಿ ಕೇಳುತ್ತ ಹೋದರೆ ಖಂಡಿತ ಹೊರೆ. ಬ್ಯಾಗಿಲ್ಲದ ಸಂಭ್ರಮ ಶನಿವಾರ ಹೇಗೂ ವೇಳಾಪಟ್ಟಿಯಲ್ಲಿದೆ. ಈ ಎರಡು ತಿಂಗಳ ಮಟ್ಟಿಗೆ ಅದರ ವಿಷಯವನ್ನು ಮೇಲಿನಿಂದ ಕಳಿಸದೆ ಶಾಲೆಗೇ ಬಿಟ್ಟರೆ, ಕಮಲಾಪುರದವರು ಜೋಳದ ಬಿತ್ತನೆಗೆ, ನಗರದವರು ಮಾರ್ಕೆಟ್ಟಿಗೆ ಅದನ್ನು ಹೊಂದಿಸಿಕೊಳ್ಳುತ್ತಾರೆ. ವರದಿಯ ಬದಲು ಚಪ್ಪರದಲ್ಲಿ ತೂಗುವ ಮಕ್ಕಳ ಹಾಳೆಗಳನ್ನೇ ಅಧಿಕಾರಿಗಳು ಬಂದು ಓದಲಿ.