ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡೋದು ಹೇಗೆ?

ಪುಣೆ, ಹೈದರಾಬಾದ್, ಚೆನ್ನೈ ಕಡೆ ಇರೋ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಸಪೋರ್ಟ್ ಡೆಸ್ಕ್‌ನಲ್ಲಿ ಕೆಲಸ ಮಾಡ್ತಾರೆ. ಹೆಡ್‌ಸೆಟ್ ಹಾಕ್ಕೊಂಡ್ರೆ ಒಂದರ ಹಿಂದೆ ಒಂದು ಕಾಲ್. "ನಗುತ್ತಾ ಮಾತಾಡಿ" ಅಂತ ಟ್ರೈನಿಂಗ್‌ನಲ್ಲಿ ಹೇಳ್ತಾರೆ. ಸರಿ, ಆದ್ರೆ ಅಷ್ಟೇ ಸಾಲದು. ಇವತ್ತು ನಾಲ್ಕು ವಿಷಯ ನೋಡೋಣ.

ಮೊದಲನೆಯದು, ಸರಿಯಾಗಿ ಕೇಳಿಸಿಕೊಳ್ಳೋದು. ಸಾಮಾನ್ಯ ಟೆಲಿಫೋನ್ ಲೈನ್ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸುತ್ತೆ. ಎಸ್ ಮತ್ತು ಎಫ್ ಅಕ್ಷರಗಳನ್ನು ಬೇರೆ ಮಾಡೋ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತೆ. ಹಾಗಾಗಿ ಎರಡೂ ಒಂದೇ ಥರ ಕೇಳಿಸುತ್ತೆ. ಇದು ನಿಮ್ಮ ಕಿವಿಯ ದೋಷ ಅಲ್ಲ. "ಎಸ್ ಫಾರ್ ಸೋಲಾಪುರ, ಎಫ್ ಫಾರ್ ಫ್ಯಾನ್" ಅಂತ ಹೇಳಿ ಖಚಿತ ಮಾಡ್ಕೊಳ್ಳಿ.

ಅಂಕಿಗಳಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಐವತ್ತೊಂಬತ್ತು ಅಂದಾಗ ಐವತ್ತು ಮೊದಲು ಬರುತ್ತೆ. ಹಿಂದಿಯ "ಉನಸಠ್" ಅಂದ್ರೆ ಅರವತ್ತಕ್ಕೆ ಒಂದು ಕಡಿಮೆ. ಮರಾಠಿಯ "ಏಕೋಣಸಾಠ್" ಕೂಡ ಹಾಗೇ. ಅವಸರದಲ್ಲಿ ಕೇಳಿದ್ರೆ 59 ಹೋಗಿ 69 ಆಗುತ್ತೆ. "ಸರ್, ಐದು, ಒಂಬತ್ತು ತಾನೇ?" ಅಂತ ಬಿಡಿಬಿಡಿಯಾಗಿ ಓದಿ ಹೇಳಿ.

ಎರಡನೆಯದು, ಮಧ್ಯೆ ಬಾಯಿ ಹಾಕದಿರೋದು. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪೋಕೆ 150 ಮಿಲಿಸೆಕೆಂಡ್ ಮೀರದಿದ್ರೆ ಒಳ್ಳೇದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತೆ. ಇಂಟರ್ನೆಟ್ ಕಾಲ್, ವಿಪಿಎನ್, ಬ್ಲೂಟೂತ್ ಸೇರಿದ್ರೆ ವಿಳಂಬ ಇನ್ನೂ ಬೆಳೆಯುತ್ತೆ. ಅವರು ಉಸಿರು ತಗೊಂಡ್ರೆ ಮಾತು ಮುಗೀತು ಅಂದ್ಕೊಂಡು ನೀವು ಶುರು ಮಾಡ್ತೀರಿ. ಅವರಿಗೆ ಅದು ಉಡಾಫೆ ಅನಿಸುತ್ತೆ. ಒಂದು ಕ್ಷಣ ತಡೆದು ಮಾತಾಡಿ.

ಮೂರನೆಯದು, ಹೋಲ್ಡ್. ಯಾಕೆ, ಎಷ್ಟು ಹೊತ್ತು ಅಂತ ಹೇಳಿ, ಒಪ್ಪಿಗೆ ಪಡೆದು ಹಾಕಿ. ಎರಡು ನಿಮಿಷ ಅಂದ್ರೆ ಎರಡು ನಿಮಿಷದೊಳಗೆ ವಾಪಸ್ ಬನ್ನಿ, ಉತ್ತರ ಸಿಗದಿದ್ರೂ ಸರಿ. "ಇನ್ನೂ ನೋಡ್ತಿದ್ದೀನಿ ಮೇಡಂ" ಅನ್ನೋ ಒಂದು ಮಾತಿಗೆ ಎಷ್ಟೋ ಸಿಟ್ಟು ಇಳಿಯುತ್ತೆ.

ನಾಲ್ಕನೆಯದೇ ಮುಖ್ಯ: ಸಮಸ್ಯೆಯನ್ನು ಕೊನೆ ಮುಟ್ಟಿಸೋದು. ಒಬ್ಬರು ಯುಪಿಐನಲ್ಲಿ ಮನೆ ಬಾಡಿಗೆ ಕಳಿಸಿದ್ದಾರೆ. ಅವರ ಖಾತೆಯಿಂದ ದುಡ್ಡು ಹೋಗಿದೆ, ಓನರ್‌ಗೆ ಸೇರಿಲ್ಲ. "ಕಾಯಿರಿ, ಬರುತ್ತೆ" ಅಂದ್ರೆ ಅವರಿಗೆ ಆ ರಾತ್ರಿ ನಿದ್ದೆ ಬರಲ್ಲ. 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಇಂಥ ಹಣ ವಹಿವಾಟಿನ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಯವರಿಗೆ ಮಾಡಿದ ಪಾವತಿಯಾದ್ರೆ ಗಡುವು ಐದು ದಿನ. ಇದನ್ನು ಸ್ಪಷ್ಟವಾಗಿ ಹೇಳಿ, ದೂರಿನ ಸಂಖ್ಯೆ ಕೊಡಿ. ಪಿನ್, ಒಟಿಪಿ ಮಾತ್ರ ಯಾವತ್ತೂ ಕೇಳಬೇಡಿ.

"ಇಷ್ಟೆಲ್ಲಾ ಮಾಡಿದ್ರೆ ಎಎಚ್‌ಟಿ ಹೆಚ್ಚಾಗುತ್ತೆ, ಟಿಎಲ್ ಬೈತಾರೆ" ಅಂತೀರಾ? ನಿಜ, ಆ ಒತ್ತಡ ಸಣ್ಣದಲ್ಲ. ಆದ್ರೆ ಲೆಕ್ಕ ಹಾಕಿ. ನಾಲ್ಕು ನಿಮಿಷಕ್ಕೆ ಮುಗಿಸಿದ ಕಾಲ್ ಬಗೆಹರಿಯದೆ ಮೂರು ಸಲ ಬಂದ್ರೆ ಹನ್ನೆರಡು ನಿಮಿಷ. ಏಳು ನಿಮಿಷ ಕೊಟ್ಟು ಒಂದೇ ಸಲಕ್ಕೆ ಬಗೆಹರಿಸಿದ್ರೆ ಏಳೇ. ರಿವ್ಯೂಗೆ ಹೋಗುವಾಗ ನಿಮ್ಮ ಕಾಲ್‌ಗಳಲ್ಲಿ ಎಷ್ಟು ಮತ್ತೆ ಬಂದಿಲ್ಲ ಅನ್ನೋ ಲೆಕ್ಕವನ್ನೂ ಜೊತೆಗೆ ಒಯ್ಯಿರಿ.

ಕೊನೆಗೊಂದು ಮಾತು. ಆ ಕಡೆಯವರು ಹಿಂದಿಯಲ್ಲಿ ತಡವರಿಸ್ತಿದ್ರೆ "ನಿಮಗೆ ಯಾವ ಭಾಷೆ ಅನುಕೂಲ?" ಅಂತ ಕೇಳಿ. ಕನ್ನಡ ಅಂದ್ರೆ, ನಿಮ್ಮ ಡೆಸ್ಕ್‌ನಲ್ಲಿ ಅವಕಾಶ ಇದ್ರೆ, ಕನ್ನಡದಲ್ಲೇ ಮಾತಾಡಿ. ಅರ್ಧ ಸಮಸ್ಯೆ ಅಲ್ಲೇ ತಿಳಿಯಾಗುತ್ತೆ.

ಮುಂದಿನ ವಿಡಿಯೋದಲ್ಲಿ ಸಿಗೋಣ. ನಮಸ್ಕಾರ.